‘ಕಲ್ಪೆಟ್ಟ’ ‘ಕಲೆಟ’ ಆದಾಗ: ಹಳೆ ಬ್ರೌಸರ್ ಮತ್ತು ಗಡಿಯ ಎರಡು ಲಿಪಿ

ಕಲ್ಪೆಟ್ಟ: ಅಂತರ್ಜಾಲದಲ್ಲಿ ಕನ್ನಡ, ಮಲಯಾಳಂ ಎರಡನ್ನೂ ಓದುವ ಗಡಿಯ ಜನರಿಗೆ ಹಳೆ ಬ್ರೌಸರ್ ಕೊಟ್ಟ ಕಾಟ ಅಷ್ಟಿಷ್ಟಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಕನ್ನಡಕ್ಕೆ ‘ತುಂಗಾ’ ಫಾಂಟ್ ಇತ್ತು. ಮಲಯಾಳಂಗೆ ‘ಕಾರ್ತಿಕಾ’ ಸಿಕ್ಕಿದ್ದು 2004ರ ಸರ್ವಿಸ್ ಪ್ಯಾಕ್ 2ರಲ್ಲಿ. ಒಂದೇ ಪುಟದಲ್ಲಿ ಒಂದು ಭಾಷೆ ಅಕ್ಷರವಾಗಿ, ಇನ್ನೊಂದು ಬರೀ ಚೌಕವಾಗಿ ಕಂಡದ್ದು ಹೀಗೆ.

ಫಾಂಟ್ ಇದ್ದ ಮಾತ್ರಕ್ಕೆ ತೊಂದರೆ ಮುಗಿಯಲಿಲ್ಲ. ಅಂದ ಹೆಚ್ಚಿಸಲು ಪುಟಕ್ಕೆ ಹಾಕಿದ ಸೂಚನೆಗಳೇ ಅಕ್ಷರ ಕೆಡಿಸಿದವು. ಇಂಗ್ಲಿಷ್ ಅಳತೆಯಲ್ಲಿ ಸಾಲಿನ ಎತ್ತರ ನಿಗದಿ ಮಾಡಿದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಆಗ ‘ಕಲ್ಪೆಟ್ಟ’ ‘ಕಲೆಟ’, ‘ಹಳ್ಳಿ’ ‘ಹಳಿ’! ಎರಡೂ ಅಂಚು ಸಮಗೊಳಿಸಿದ ಪುಟದಲ್ಲಿ ಫೈರ್‌ಫಾಕ್ಸ್ 2 ಕಾಗುಣಿತವನ್ನೇ ಬಿಡಿಬಿಡಿ ಮಾಡುತ್ತಿತ್ತು. 2008ರ ಮೂರನೇ ಆವೃತ್ತಿಯಲ್ಲಿ ಅದು ಸರಿಯಾಯಿತು. ಅದೇ ವರ್ಷ ಯೂನಿಕೋಡ್ 5.1 ಮಲಯಾಳದ ಚಿಲ್ಲು ಅಕ್ಷರಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟಿತು. ಹಳೆ ಫಾಂಟ್‌ಗೆ ಅದು ತಿಳಿಯದೆ, ಪದದ ಕೊನೆಯಲ್ಲಿ ಚೌಕ ಮೂಡಿತು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲಿ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ 2022ರ ಜೂನ್‌ನಲ್ಲಿ ನಿಂತಿತು. ಆದರೆ ಆ ಕಾಲದ ಅಭ್ಯಾಸ ಹೋಗಿಲ್ಲ. ಅಕ್ಷರ ಕೆಡುತ್ತದೆಂಬ ಭಯದಿಂದ ಪ್ರಕಟಣೆಯನ್ನು ಚಿತ್ರವಾಗಿಯೋ, ನುಡಿಯಂಥ ತಂತ್ರಾಂಶದ ಹಳೆಯ ಸಂಕೇತದಲ್ಲಿಯೋ ಹಾಕುವ ರೂಢಿ ಉಳಿದಿದೆ. ಚಿತ್ರದಲ್ಲಿರುವ ಊರು, ಹೆಸರು ಹುಡುಕಿದರೆ ಸುಲಭಕ್ಕೆ ಸಿಗದು. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಎಟುಕುವುದು ಕಷ್ಟ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ ಎಂಬುದು ಗಮನಾರ್ಹ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರ ವ್ಯವಹಾರ ಮಾಡಲು ಕೇರಳದ ಅಧಿಕೃತ ಭಾಷೆಗಳ ಕಾಯ್ದೆ ಅವಕಾಶ ಕೊಟ್ಟಿದೆ. 2009ರಲ್ಲಿ ಆರಂಭವಾದ ಬಂಡೀಪುರ ರಾತ್ರಿ ಸಂಚಾರ ನಿರ್ಬಂಧವಿರಲಿ, ಮಳೆಗಾಲದ ಭೂಕುಸಿತದ ಎಚ್ಚರಿಕೆಯಿರಲಿ, ಊರಿನ ಹೆಸರೇ ತಪ್ಪಾಗಿ ಕಂಡರೆ ಪ್ರಕಟಣೆ ಹೊರಡಿಸಿ ಫಲವೇನು?

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಯೂನಿಕೋಡ್‌ನಲ್ಲೇ ಬರೆಯಬೇಕು, ಒತ್ತಕ್ಷರಕ್ಕೆ ಸಾಲಿನ ನಡುವೆ ಜಾಗ ಬಿಡಬೇಕು, ಅಕ್ಷರಗಳನ್ನು ಎಳೆದು ಬಿಡಿಸಬಾರದು. ಪ್ರಕಟಿಸುವ ಮುನ್ನ ಎರಡೂ ಲಿಪಿ ಬಲ್ಲವರೊಬ್ಬರು ಹಳೆ ಮೊಬೈಲಿನಲ್ಲಿ ಒಮ್ಮೆ ಓದಿ ನೋಡಬೇಕು. ಅಂಥವರಿಗೆ ಗಡಿಯಲ್ಲಿ ಬರವಿಲ್ಲ.