ಕಾಣದ ದ್ರವ್ಯದ ಲೆಕ್ಕ

ಗೃಹಸ್ಥರಾದ ನಮ್ಮ ವಾಚಕರು ತಿಂಗಳ ಕಡೆಯಲ್ಲಿ ಜಮಾಖರ್ಚಿನ ಪುಸ್ತಕವನ್ನು ನೋಡುವಾಗ ನಾಲ್ಕಾರು ರೂಪಾಯಿಗಳು ಕಡಮೆ ಬಿದ್ದರೆ, ಹಣವು ಮಾಯವಾಯಿತೆಂದು ಸುಮ್ಮನಾಗುವುದಿಲ್ಲ. ಬರೆಯದೆ ಬಿಟ್ಟ ಖರ್ಚೊಂದು ಇರಲೇಬೇಕೆಂದು ಹುಡುಕುತ್ತಾರೆ. ವಿಶ್ವದ ಲೆಕ್ಕದಲ್ಲಿಯೂ ಇಂಥದೊಂದು ವ್ಯತ್ಯಾಸವುಂಟು.

1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬ ವಿಜ್ಞಾನಿಯು ಕೋಮಾ ಎಂಬ ಗೆಲಾಕ್ಸಿಗಳ ಗುಂಪನ್ನು ಪರೀಕ್ಷಿಸಿ, ಅವುಗಳ ವೇಗವನ್ನು ನೋಡಿದರೆ ಅವು ಎಂದೋ ಚದುರಿಹೋಗಬೇಕಾಗಿತ್ತೆಂದೂ, ಅವನ್ನು ಹಿಡಿದಿಡುವ ಕಾಣದ ದ್ರವ್ಯವು ಬಹಳವಾಗಿ ಇರಬೇಕೆಂದೂ ಹೇಳಿದನು. ಬೆಳಕನ್ನು ಬೀರದ, ತಡೆಯದ ಈ ಕೃಷ್ಣದ್ರವ್ಯವು ನಮಗೆ ಪರಿಚಿತವಾದ ದ್ರವ್ಯದ ಐದರಷ್ಟಕ್ಕೂ ಮಿಕ್ಕಿರುವುದೆಂದು ಈಗಿನ ಗಣನೆ.

ಇದನ್ನು ಹುಡುಕುವ ಒಂದು ಮಾರ್ಗವು ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿದೆ. ಅಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ತಾಕಲಾಡಿಸುತ್ತಾರೆ. ತಾಕುವ ಮೊದಲು ಪಕ್ಕಕ್ಕೆ ಚಲನೆಯಿಲ್ಲದ್ದರಿಂದ, ಅನಂತರ ಎಡಕ್ಕೆ ಚಿಮ್ಮಿದ ಕಣಗಳಿಗೆ ಬಲಕ್ಕೆ ಚಿಮ್ಮಿದವು ಸರಿದೂಗಬೇಕು. ಒಂದು ಕಡೆ ಬರಿದಾಗಿದ್ದರೆ, ಕಾಣದ್ದೇನೋ ಹೊರಟುಹೋಯಿತೆಂದು ತಿಳಿಯಬೇಕು. ಆದರೆ ನ್ಯೂಟ್ರಿನೋ ಎಂಬ ಪರಿಚಿತ ಕಣವೂ ಹೀಗೆಯೇ ಜಾರಿಹೋಗುವುದು. ಅದರ ಪಾಲನ್ನು ಕಳೆದ ಮೇಲೆ ಹೊಸದೇನಾದರೂ ಮಿಕ್ಕೀತೇ ಎಂಬುದೇ ಪ್ರಶ್ನೆ. ಈವರೆಗೆ ನಿಸ್ಸಂದೇಹವಾಗಿ ಏನೂ ಮಿಕ್ಕಿಲ್ಲ.

ಇನ್ನೊಂದು ಮಾರ್ಗವು ಭೂಗರ್ಭದಲ್ಲಿದೆ. ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯೊಂದರಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಲಕ್ಸ್-ಜೆಪ್ಲಿನ್ ಪ್ರಯೋಗದವರು ಏಳು ಟನ್ನು ದ್ರವ ಕ್ಸೆನಾನನ್ನು ಕಾವಲಿಟ್ಟಿದ್ದಾರೆ. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ಮೇಲಿನ ಬಂಡೆಯು ತಡೆಯುವುದು. ನಮ್ಮ ಕೋಲಾರದ ಗಣಿಯಲ್ಲಿ 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿದದ್ದೂ ಇದೇ ಉಪಾಯದಿಂದ. ಕೃಷ್ಣದ್ರವ್ಯದ ಕಣವು ಕ್ಸೆನಾನ್ ಪರಮಾಣುವಿನ ಬೀಜಕ್ಕೆ ತಾಗಿದರೆ, ಆ ಬೀಜವು ತುಸು ಹಿಮ್ಮೆಟ್ಟಿ ಬೆಳಕಿನ ಮಿಣುಕೊಂದು ಕಾಣಬೇಕು. ಬೀಜವು ಆ ಪೆಟ್ಟಿಗೆ ಹೇಗೆ ಸ್ಪಂದಿಸುವುದೆಂಬ ಗಣಿತವನ್ನು ಬೈಜಿಕ ವಿಜ್ಞಾನವು ಒದಗಿಸುವುದು; ಅದಿಲ್ಲದೆ ಸರ್ನ್‌ನ ಶೋಧನೆಯನ್ನೂ ಗಣಿಯ ಶೋಧನೆಯನ್ನೂ ಹೋಲಿಸಲಾಗದು. 2024ರಲ್ಲಿ ಪ್ರಕಟವಾದ 280 ದಿನಗಳ ಫಲಿತಾಂಶದಲ್ಲಿಯೂ ಆ ಕಣದ ಗುರುತು ಕಂಡಿಲ್ಲ.

ಹಾಗಾದರೆ ಇಷ್ಟು ಶ್ರಮವೂ ಧನವೂ ವ್ಯರ್ಥವೇ? ವ್ಯರ್ಥವಲ್ಲವೆಂದೇ ನಾವು ಹೇಳುವೆವು. ಆ ಕಣವು ಇಷ್ಟು ಭಾರವುಳ್ಳದ್ದಾಗಿ, ಇಷ್ಟು ಬಲವಾಗಿ ತಾಗುವಂಥದ್ದಾಗಿದ್ದರೆ ಈ ವೇಳೆಗೆ ಸಿಕ್ಕಿರಬೇಕಾಗಿತ್ತು; ಸಿಗದಿರುವುದರಿಂದ ಅಂಥ ಊಹೆಗಳು ಒಂದೊಂದಾಗಿ ಬಿದ್ದುಹೋಗುತ್ತಿವೆ, ಹುಡುಕಬೇಕಾದ ಎಡೆಯು ಕಿರಿದಾಗುತ್ತಿದೆ. ಇಲ್ಲದ ಖರ್ಚನ್ನು ಬರೆದು ಲೆಕ್ಕವನ್ನು ಸರಿಪಡಿಸುವುದು ಸುಲಭ. ಸಿಗಲಿಲ್ಲವೆಂದು ನಿಜವನ್ನೇ ಬರೆದು ಮರಳಿ ಹುಡುಕುವವನ ಪುಸ್ತಕವನ್ನು ಮಾತ್ರ ಮಕ್ಕಳ ಕೈಗೆ ಧೈರ್ಯವಾಗಿ ಒಪ್ಪಿಸಬಹುದು.