ಎಲೆ ಎತ್ತಿದ್ದು ಕೆಲಸವಲ್ಲವೇ?

ಕಳೆದ ವರ್ಷ ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ವರದಿಗಳನ್ನು ಮೊದಲ ಸುತ್ತು ಓದುವ ಕೆಲಸ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ಪಾಲಿಗೆ ಬಂತು. ನನಗೆ ಸಿಕ್ಕಿದ್ದು ನಲವತ್ತೊಂದು. ಅವುಗಳಲ್ಲಿ ಒಂಬತ್ತರ ಮುನ್ನುಡಿ ಅಕ್ಷರಶಃ ಒಂದೇ. ಒಬ್ಬನಂತೂ ಕೃತಜ್ಞತೆಯ ಪುಟದಲ್ಲಿ ಹೆಸರು ಬದಲಿಸುವುದನ್ನೇ ಮರೆತು ಬೇರೆ ಯಾರದೋ ತಂದೆತಾಯಿಗೆ ಧನ್ಯವಾದ ಹೇಳಿದ್ದ. ನಗು ಬಂತು. ಕರೆಸಿ ಕೇಳಿದೆ.

"ರಜೇಲಿ ಕ್ಯಾಟರಿಂಗ್ ಕೆಲಸಕ್ಕೆ ಹೋಗಿದ್ದೆ ಮೇಡಂ. ಅದನ್ನೇ ಬರೀಲಾ ಅಂತ ಕೇಳಿದ್ದಕ್ಕೆ ಅದು ಇಂಟರ್ನ್‌ಶಿಪ್ ಆಗಲ್ಲ ಅಂದ್ರು. ಕೊನೆಗೆ ಎರಡೂವರೆ ಸಾವಿರ ಕೊಟ್ಟು ಸರ್ಟಿಫಿಕೇಟ್ ತಗೊಂಡೆ. ವರದೀನೂ ಅವರೇ ಕೊಟ್ರು."

ಒಂದು ಮದುವೆಗೆ ಊಟ, ಮೇಲೆ ಐನೂರು ರೂಪಾಯಿ. ಎರಡೂವರೆ ಸಾವಿರವೆಂದರೆ ಐದು ಮದುವೆಯ ಕೂಲಿ. ನಿಜವಾಗಿ ದುಡಿದ ಹುಡುಗ, ಬೇರೆಲ್ಲೋ ದುಡಿದೆನೆಂಬ ಸುಳ್ಳು ಪತ್ರ ಕೊಳ್ಳಲು ಆ ದುಡಿಮೆಯ ಹಣವನ್ನೇ ತೆತ್ತಿದ್ದ. ನಾನು ಆ ವರದಿಗೆ ಇನಿಷಿಯಲ್ ಹಾಕಿ ಮೇಲಕ್ಕೆ ಕಳಿಸಿದೆ. ಅವನಿಗೆ ಒಳ್ಳೆಯ ಅಂಕವೂ ಬಂತು.

ಇಂಟರ್ನ್‌ಶಿಪ್ ಎಂದರೆ ವಿಶ್ವವಿದ್ಯಾಲಯಕ್ಕೆ ಮಾರುಕಟ್ಟೆ ನುಗ್ಗುವ ಹಿಂಬಾಗಿಲು ಎನ್ನುವ ಹಿರಿಯರು ನಮ್ಮ ಮಾನವಿಕ ವಿಭಾಗಗಳಲ್ಲಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. 'ಶಿಕಾರಿ' ಬರೆದ ಯಶವಂತ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ವಿಜ್ಞಾನಿ. ಜಯಂತ ಕಾಯ್ಕಿಣಿ ಮುಂಬೈಯಲ್ಲಿ ಔಷಧ ಕಂಪನಿಯ ಕೆಮಿಸ್ಟ್ ಆಗಿದ್ದವರು. ಕಚೇರಿ, ಕಾರ್ಖಾನೆಗಳ ಒಳಗನ್ನು ಕಂಡವರಿಂದ ಕನ್ನಡಕ್ಕೆ ಏನು ಸಿಕ್ಕಿದೆಯೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಾನೇ ಎಂ.ಎ. ಓದುವಾಗ ಒಂದು ಬೇಸಿಗೆ ಸಣ್ಣ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದೆ. ಪುಟಕ್ಕಿಷ್ಟು ಎಂದು ದರ, ಶನಿವಾರ ಸಂಜೆ ಲೆಕ್ಕ. ಕಣ್ತಪ್ಪಿದ ಒಂದು ಒತ್ತಕ್ಷರಕ್ಕೆ ಇಡೀ ಫಾರಂ ಮತ್ತೆ ಅಚ್ಚಾದ ದಿನ ಮಾಲೀಕರು ಬೈದರು, ಆ ವಾರದ ದುಡ್ಡನ್ನೂ ಕೊಟ್ಟರು. ಬೈಗುಳ ಮನಸ್ಸಿಗೆ ಇಳಿದದ್ದು ದುಡ್ಡು ಕೊಟ್ಟಿದ್ದರಿಂದಲೇ. ಪುಕ್ಕಟೆ ದುಡಿಯುವವಳ ತಪ್ಪಿಗೆ ಯಾರೂ ಬೈಯುವುದಿಲ್ಲ, ಅವಳು ಏನೂ ಕಲಿಯುವುದೂ ಇಲ್ಲ.

ಹಾಗಾಗಿ ನನ್ನ ತಕರಾರು ಬೇಸಿಗೆಯ ಕೆಲಸದ ಮೇಲಲ್ಲ, ಅದರ ಖರ್ಚನ್ನು ವಿದ್ಯಾರ್ಥಿಯ ಹೆಗಲಿಗೆ ಹೊರಿಸಿರುವುದರ ಮೇಲೆ. ಯು.ಜಿ.ಸಿ. ಮಾರ್ಗಸೂಚಿಯಲ್ಲಿ ಗಂಟೆಗಳ ಲೆಕ್ಕ ಪಕ್ಕಾ ಇದೆ: ಒಂದು ಕ್ರೆಡಿಟ್‌ಗೆ 30 ಗಂಟೆ, ಒಟ್ಟು 60ರಿಂದ 120 ಗಂಟೆ. ಆ 120 ಗಂಟೆ ಮುಗಿಯುವವರೆಗೆ ಊಟ ಯಾರ ಮನೆಯದು? ರಜೆ ಬಂದ ಕೂಡಲೇ ಹಾಸ್ಟೆಲ್ಲಿನ ಮೆಸ್ ಮುಚ್ಚುತ್ತದೆ, ಕೋಣೆಗೆ ಬೀಗ ಬೀಳುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ದೆಸೆಯಿಂದ ಹುಡುಗಿಯರಿಗೆ ಬೆಂಗಳೂರಿನವರೆಗಿನ ಬಸ್ ಖರ್ಚು ಉಳಿಯಿತು, ನಿಜ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಪಿ.ಜಿ. ಬಾಡಿಗೆ, ಅದಕ್ಕೆ ಮುಂಗಡ? ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ, ಇಲ್ಲವೇ ಚಿಕ್ಕಪ್ಪನೋ ಅತ್ತೆಯೋ ಇದ್ದವರಿಗೆ ಅನುಭವ ಸಿಗುತ್ತದೆ. ಉಳಿದವರಿಗೆ ಸರ್ಟಿಫಿಕೇಟ್ ಅಂಗಡಿ.

ಸರ್ಕಾರದ ಲೆಕ್ಕವನ್ನೂ ನೋಡಿ. 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂದಾಗ ಅದು ಪೂರ್ಣಾವಧಿ ಓದುತ್ತಿರುವವರಿಗಾಗಿರಲಿಲ್ಲ, ಓದು ಮುಗಿಸಿದವರಿಗಾಗಿತ್ತು. ಅದರಲ್ಲಿ ದೊಡ್ಡ ದೊಡ್ಡ ಕಂಪನಿಗಳಲ್ಲಿ ದುಡಿದರೂ ಆಗ ಸಿಗುತ್ತಿದ್ದದ್ದು ತಿಂಗಳಿಗೆ 5,000 ರೂಪಾಯಿ. ಅದರಲ್ಲೂ 4,500 ಸರ್ಕಾರದ್ದು, ಕಂಪನಿಯದು ಬರೀ 500. ತಿಂಗಳಿಗೆ 26 ದಿನವೆಂದರೂ ದಿನಕ್ಕೆ 200 ತಲುಪುತ್ತಿರಲಿಲ್ಲ. ಅದೇ 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ಇತ್ತು. ಊರಲ್ಲಿ ಕೆರೆ ಹೂಳೆತ್ತಿದರೆ ಹೆಚ್ಚು ಸಿಗುತ್ತಿತ್ತು. ಹಾಗೆ ಹೂಳೆತ್ತಿದವರೂ ನಮ್ಮ ತರಗತಿಗಳಲ್ಲಿದ್ದಾರೆ.

"ಕಲಿಯಲು ಬಂದವರಿಗೆ ಸಂಬಳ ಯಾಕಮ್ಮ?" ಎಂದು ಪ್ರಾಧ್ಯಾಪಕರೊಬ್ಬರು ಕೇಳಿದರು. ಹೌಸ್ ಸರ್ಜನ್ ಕಲಿಯುತ್ತಲೇ ಶಿಷ್ಯವೇತನ ಪಡೆಯುತ್ತಾನೆ, ತಡವಾದರೆ ಮುಷ್ಕರ ಹೂಡುತ್ತಾನೆ. ಐ.ಟಿ.ಐ. ಮುಗಿಸಿ ಕಾರ್ಖಾನೆ ಸೇರುವ ಅಪ್ರೆಂಟಿಸ್‌ಗೆ 1961ರ ಕಾಯ್ದೆಯ ಆಸರೆಯಿದೆ. ಜೆ.ಆರ್.ಎಫ್. ಪಡೆದ ಸಂಶೋಧನಾ ವಿದ್ಯಾರ್ಥಿಗೆ 2023ರಿಂದ ತಿಂಗಳಿಗೆ 37,000 ಸಿಗುತ್ತದೆ. ನಾವೂ ಕಲಿಯಲೆಂದೇ ಬಂದವರು. ಬಿ.ಎ. ಹುಡುಗನ ಮುಂದೆ ಮಾತ್ರ ಗುರುದಕ್ಷಿಣೆಯ ಮಾತು ಯಾಕೆ ನೆನಪಾಗುತ್ತದೋ!

ವಿಶ್ವವಿದ್ಯಾಲಯ ಕಂಪನಿಗಳ ಬಾಗಿಲು ಕಾಯಬೇಕಾಗಿಯೂ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಗ್ರಂಥಪಾಲಕರಾಗಿದ್ದವರು. ತಾಳೆಗರಿ ಓದುವುದು ಅವರ ನೌಕರಿಯ ಭಾಗವಾಗಿತ್ತು. ಸೂಚಿ ತಯಾರಿಸುವುದು, ಹಳೆಯ ಪತ್ರಿಕೆಗಳ ಸ್ಕ್ಯಾನಿಂಗ್, ಜನಪದ ಧ್ವನಿಮುದ್ರಿಕೆಗಳ ಲಿಪ್ಯಂತರ ಎಲ್ಲವೂ ಕಾಯುತ್ತಿರುವ ಕೆಲಸಗಳೇ. ದಿನಗೂಲಿಯ ದರ ಕೊಟ್ಟು, ಎರಡು ತಿಂಗಳು ಮೆಸ್ ತೆರೆದಿಟ್ಟರೆ ಬಹಳಷ್ಟು ಹುಡುಗರು ಬರುತ್ತಾರೆ.

ಹಾಗೆಯೇ ಅವರು ಈಗಾಗಲೇ ಮಾಡುತ್ತಿರುವ ಕೆಲಸವನ್ನೂ ಒಪ್ಪಿಕೊಳ್ಳಬೇಕು. ಆ ಹುಡುಗನನ್ನು ಕೂರಿಸಿ ಇನ್ನಷ್ಟು ಕೇಳಿದೆ. ಎಂಟುನೂರು ಜನರ ಮದುವೆಗೆ ಅಕ್ಕಿ ಎಷ್ಟು, ಮೂರನೇ ಪಂಕ್ತಿಗೆ ಪಾಯಸ ಸಾಲದು ಎಂದಾಗ ಸೌಟು ಹೇಗೆ ಸಣ್ಣದಾಗುತ್ತದೆ, ಗುತ್ತಿಗೆದಾರ ಯಾರ ಕೂಲಿಯನ್ನು ಮೊದಲು ಹಿಡಿಯುತ್ತಾನೆ, ಎಲ್ಲ ಗೊತ್ತಿತ್ತು. ನೀನು ಬಡಿಸಿದ್ದೇನು, ಅನ್ನವೋ ಪಲ್ಯವೋ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕೆಲವು ಮದ್ವೇಲಿ ನಮ್ಮೋರನ್ನ ಬಡಿಸೋಕೆ ಬಿಡಲ್ಲ ಮೇಡಂ. ಎಲೆ ಎತ್ತೋಕೆ ಹಾಕ್ತಾರೆ."

ನಲವತ್ತೊಂದು ವರದಿಗಳಲ್ಲಿ ಈ ವಾಕ್ಯಕ್ಕೆ ಸಮನಾದದ್ದು ಒಂದೂ ಇರಲಿಲ್ಲ. ಇದನ್ನು ಬರೆಯಬೇಡ ಎಂದು ನಾವೇ ಹೇಳಿ ಕಳಿಸಿದ್ದೆವು.

ಈ ವರ್ಷದ ತಂಡಕ್ಕೆ ನಾನು ಬೇರೆ ಮಾತು ಹೇಳಿದ್ದೇನೆ. ಅಡಿಕೆ ಸುಲಿದಿದ್ದರೆ, ಗಾರೆ ಕೆಲಸಕ್ಕೆ ಹೋಗಿದ್ದರೆ, ಎಲೆ ಎತ್ತಿದ್ದರೆ ಅದನ್ನೇ ಬರೆಯಿರಿ. ದಿನ, ಗಂಟೆ, ಕೂಲಿ, ಕೂಲಿ ಕೊಟ್ಟವರ ಸಹಿ ಸಮೇತ. ನಾನು ಇನಿಷಿಯಲ್ ಹಾಕುತ್ತೇನೆ. ಮೇಲಿನವರು ತಿರಸ್ಕರಿಸುವುದಾದರೆ ಕಾರಣವನ್ನು ಅದೇ ಪುಟದ ಮೇಲೆ ಬರೆದು ತಿರಸ್ಕರಿಸಲಿ.