ಅವ್ವನ ಧಾಟಿಯ ಜಾಝ್

ಹುಮನಾಬಾದಿನವಳಾದ ನಾನು ಬೆಂಗಳೂರಿನ ಆಫೀಸಿನಲ್ಲಿ ಅವ್ವನ ಫೋನ್ ಬಂದರೆ ಮೆಟ್ಟಿಲ ಹತ್ರ ಹೋಗಿ ಮಾತಾಡ್ತೀನಿ. ಬಸವಕಲ್ಯಾಣದ ಗೆಳತಿಯೂ ಅಷ್ಟೇ. "ಊಟ ಮಾಡ್ಲತ್ತೀನಿ" ಅಂದದ್ದು ಪಕ್ಕದ ಸೀಟಿಗೆ ಕೇಳಿದರೆ ದಿನವಿಡೀ ಅದೇ ತಮಾಷೆ. ನಮ್ಮಂಥವರಿಗೆ ಈ ಸಲ ಒಂದು ಜಾಝ್ ಆಲ್ಬಂ: ಸನ್ನಿ ರಾಲಿನ್ಸ್ ಅವರ 'ಸ್ಯಾಕ್ಸೋಫೋನ್ ಕೊಲೋಸಸ್'.

1956ರ ಜೂನ್ 22ರಂದು ರೆಕಾರ್ಡ್ ಆದದ್ದು. ಐದು ಟ್ರ್ಯಾಕು, ನಾಲ್ಕೇ ಜನ. ಈ ಬಗೆಗೆ ಹಾರ್ಡ್ ಬಾಪ್ ಅಂತಾರೆ. ವೇಗ, ಲೆಕ್ಕಾಚಾರದ ಬೀಬಾಪ್‌ಗೆ ಕರಿಯರ ಚರ್ಚಿನ ಹಾಡು, ಬ್ಲೂಸ್ ಧಾಟಿಯನ್ನ ಮತ್ತೆ ಬೆರೆಸಿದ ಸಂಗೀತ. ಮೊದಲ ಟ್ರ್ಯಾಕ್ 'ಸೇಂಟ್ ಥಾಮಸ್' ಮ್ಯಾಕ್ಸ್ ರೋಚ್ ಅವರ ಡ್ರಮ್ಸಿನಿಂದ ಶುರುವಾಗುತ್ತೆ. ರಾಲಿನ್ಸ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಮನೆತನದ ಬೇರು ಕೆರಿಬಿಯನ್ನಿನ ವರ್ಜಿನ್ ದ್ವೀಪಗಳಲ್ಲಿ. ಚಿಕ್ಕಂದಿನಲ್ಲಿ ತಾಯಿ ಹಾಡ್ತಿದ್ದ ಅಲ್ಲಿನ ಧಾಟಿಯೇ ಈ ಟ್ರ್ಯಾಕು.

ನಮ್ಮಲ್ಲಿ ಕದ್ರಿ ಗೋಪಾಲನಾಥ್ ಇದ್ದರು. ಬಂಟ್ವಾಳ ತಾಲೂಕಿನವರು, ನಾಗಸ್ವರ ವಾದಕರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಅದರಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸೋಕೆ ವರ್ಷಗಟ್ಟಲೆ ಸಾಧನೆ ಮಾಡಿದರು. 2008ರ 'ಕಿನ್ಸ್‌ಮೆನ್' ಆಲ್ಬಂನಲ್ಲಿ ಕರ್ನಾಟಕ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ್ದಾರೆ. ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನೇ. ಆದರೂ ಒಬ್ಬರ ಧಾಟಿ ಇನ್ನೊಬ್ಬರಲ್ಲಿ ಕರಗಿ ಹೋಗಲ್ಲ.

ಇಂಗ್ಲಿಷು, ಬೆಂಗಳೂರು ಕನ್ನಡ ಎರಡನ್ನೂ ಚೆನ್ನಾಗಿ ಕಲಿಯೋಣ. ಅದಕ್ಕಾಗಿ ಬೀದರಿನ ಮಾತನ್ನ ಮುಚ್ಚಿಡೋದು ಬೇಡ.

ಮುಂದಿನ ಸಲ ಊರಿಗೆ ಹೋದಾಗ ಹುಮನಾಬಾದ್-ಬಸವಕಲ್ಯಾಣ ಬಸ್ಸಿನಲ್ಲಿ 'ಕೊಲೋಸಸ್' ಹಚ್ಚಿ. ಸುಮಾರು 40 ನಿಮಿಷದ್ದು. ಕೇಳಿ ನೋಡ್ರಿ.